ಆರ್ಡಿಸ್ ಮತ್ತು ಕಪ್ಪು ತೊಟ್ಟಿ

ಗಂಡ ತೀರಿಕೊಂಡ ಮೇಲೆ ಆರ್ಡಿಸ್ ನೀಗಾರ್ಡ್ ಬಹುಕಾಲ ಒಂದೇ ಒಂದು ಮಾತಿನಲ್ಲಿ ಬದುಕಿದಳು. ಆ ಮಾತು ‘ಆಯ್ತು’. ಊಟ ತಂದುಕೊಟ್ಟರೆ ಆಯ್ತು, ಈಗ ಬೇಡವೇ ಎಂದು ಕೇಳಿದರೂ ಆಯ್ತು. ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವವನು ಟೈ ಸರಿಪಡಿಸಿಕೊಳ್ಳುತ್ತ, “ಹೂಳೋದಾ ಅಮ್ಮ, ಸುಡೋದಾ? ನಿಮ್ಮ ಇಷ್ಟ ಹೇಗಿದೆ?” ಎಂದು ಮೆಲುದನಿಯಲ್ಲಿ ಕೇಳಿದಾಗಲೂ ಅವಳು “ಆಯ್ತು” ಎಂದಳು. ಆತ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಕೊನೆಗೆ ಮಗಳು ಡೀನಾ ಸುಡುವುದೆಂದು ಹೇಳಿ ಸಹಿ ಹಾಕಿದಳು.

ನಾವು ಎಂದರೆ ನಾನು ಮತ್ತು ಓಲೀಟಾ. ಅರಿಜೋನದ ಮರಳುಗಾಡಿನಲ್ಲಿ ಸಾಲ್ಟ್ ವೆಲ್ಸ್ ಎಂಬ ಊರಿದೆ. ಊರಿನ ಹೊರಗೆ ಮನೆಗಾಡಿಗಳು ಬಂದು ನಿಲ್ಲುವ ಬಯಲು. ಉತ್ತರದ ಹಿಮ ತಾಳಲಾರದ ಮುದುಕರು ಚಳಿಗಾಲಕ್ಕೆ ಅಲ್ಲಿಗೆ ಬರುತ್ತೇವೆ. ಬಿಸಿಲು ಏರುತ್ತಲೇ ಹೊರಡುತ್ತೇವೆ. ನೀಗಾರ್ಡ್ ದಂಪತಿಗಳ ದೊಡ್ಡ ಮನೆಗಾಡಿಯ ಎಡಕ್ಕೆ ನನ್ನ ಸಣ್ಣ ಟ್ರೇಲರು, ಬಲಕ್ಕೆ ಒಕ್ಲಹೋಮದ ಓಲೀಟಾಳದು. ಮೊಂಟಾನದ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಹೇಳಿದವನಾದ್ದರಿಂದ ಬಯಲಿನಲ್ಲಿ ನಾನು ಎಲ್ಲರಿಗೂ ಮೇಷ್ಟ್ರು.

ಆರ್ಡಿಸ್ ಉತ್ತರ ಡಕೋಟದವಳು. ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಬೇಯಿಸಿ ಬಡಿಸಿದ ಕೈ ಅವಳದು. ಎತ್ತರದ ಆಳು, ಅಗಲವಾದ ಮಣಿಕಟ್ಟು, ಹಣೆಯ ಮೇಲೆ ಕತ್ತರಿಸಿ ಬಿಟ್ಟ ಬಿಳಿಯ ಕೂದಲು. ಆಲೂಗಡ್ಡೆ, ಮಾಂಸ, ಅಣಬೆಯ ಗಟ್ಟಿ ಸಾರು ಸೇರಿಸಿ ಒಲೆಯಲ್ಲಿಟ್ಟು ಅವಳು ಮಾಡುತ್ತಿದ್ದ ತಿನಿಸೊಂದನ್ನು ಬಯಲಿನವರು ವಾರದ ಕೂಟಗಳಲ್ಲಿ ತಟ್ಟೆ ಕೆರೆದು ತಿನ್ನುತ್ತಿದ್ದರು. ಗಂಡ ಮೈಲೋ ಅದೇ ಊರಿನ ಧಾನ್ಯದ ಉಗ್ರಾಣದಲ್ಲಿ ದುಡಿದವನು. ಇಬ್ಬರೂ ಕೆಲಸ ಬಿಟ್ಟ ವರ್ಷ ಮನೆ ಮಾರಿ, ಆ ಮನೆಗಾಡಿ ಕೊಂಡು ರಸ್ತೆಗೆ ಬಂದರು. ಬಂದ ಮೊದಲ ದಿನವೇ ಕೆಲಸ ಹಂಚಿಕೊಂಡರಂತೆ: ಗಾಡಿಯ ಒಳಗಿನದೆಲ್ಲ ಆರ್ಡಿಸ್‌ಳದು, ಹೊರಗಿನದೆಲ್ಲ ಮೈಲೋನದು. ಆ ಗೆರೆಯನ್ನು ಅವರು ಕೊನೆಯವರೆಗೂ ದಾಟಲಿಲ್ಲ. ಆರ್ಡಿಸ್ ಒಂದು ಸಲವೂ ಚಾಲಕನ ಜಾಗದಲ್ಲಿ ಕುಳಿತಿರಲಿಲ್ಲವೆಂದಲ್ಲ. ಮೈಲೋನ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದ್ದಳು. ಆದರೆ ಹೊರಗೆ ಇಳಿದು ಗಾಡಿಯ ಹೊಟ್ಟೆಯ ಬಾಗಿಲು ತೆರೆದವಳಲ್ಲ.

ಆ ಹೊಟ್ಟೆಯಲ್ಲಿ ಎರಡು ತೊಟ್ಟಿಗಳು. ಪಾತ್ರೆ ತೊಳೆದ, ಮೈ ತೊಳೆದ ನೀರಿಗೆ ಬೂದು ತೊಟ್ಟಿ. ಕಕ್ಕಸಿನದಕ್ಕೆ ಕಪ್ಪು ತೊಟ್ಟಿ. ಅವು ತುಂಬಿದಾಗ ಡಂಪ್ ಸ್ಟೇಷನ್ ಹುಡುಕಿಕೊಂಡು ಹೋಗಿ, ನೆಲದ ರಂಧ್ರಕ್ಕೆ ದಪ್ಪ ಪೈಪು ಜೋಡಿಸಿ, ವಾಲ್ವ್ ಎಳೆದು ಸುರಿಯಬೇಕು. ನಮ್ಮ ಪೈಕಿ ಇದನ್ನು ಇಷ್ಟಪಟ್ಟು ಮಾಡುತ್ತಿದ್ದವನು ಮೈಲೋ ಒಬ್ಬನೇ. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಬೇಕು. ಕೊಳಕು ಕೈಗವಸು ಹಾಕಿಕೊಂಡು ಕುಡಿಯುವ ನೀರಿನ ನಲ್ಲಿ ಮುಟ್ಟಿದವರನ್ನು ಕಂಡರೆ ಅವನು ಕೆಂಡವಾಗುತ್ತಿದ್ದ. ಯಾವ ರಾಜ್ಯದ ಯಾವ ಊರಿನಲ್ಲಿ, ಯಾವ ಪೆಟ್ರೋಲ್ ಬಂಕಿನ ಹಿಂದೆ, ಯಾವ ಉದ್ಯಾನದ ಮೂಲೆಯಲ್ಲಿ ಸ್ಟೇಷನ್ ಇದೆಯೆಂಬುದು ಅವನಿಗೆ ಬಾಯಿಪಾಠ. ಅವನು ಹೊರಗೆ ಬಗ್ಗಿರುವಾಗ ಆರ್ಡಿಸ್ ಒಳಗೆ ಪರದೆ ಎಳೆದುಕೊಂಡು ತರಕಾರಿ ಹೆಚ್ಚುತ್ತಿದ್ದಳು, ಇಲ್ಲವೇ ಹತ್ತಿರದ ಅಂಗಡಿಗೆ ಹೋಗಿಬರುತ್ತಿದ್ದಳು.

“ನಿನ್ನ ಗಂಡಂಗೆ ದೇವ್ರು ಮೂಗು ಕೊಟ್ಟಿದ್ದಾನೋ ಇಲ್ವೋ?” ಎಂದು ಓಲೀಟಾ ಕೇಳುತ್ತಿದ್ದಳು.

“ಕೊಟ್ಟಿದ್ದಾನೆ. ಗೊರಕೆ ಹೊಡೆಯೋಕೆ ಬಳಸ್ಕೋತಾನೆ,” ಎನ್ನುತ್ತಿದ್ದಳು ಆರ್ಡಿಸ್. ಆಗ ಅವಳಿಗೆ ಹೀಗೆ ಮಾತು ಬರುತ್ತಿತ್ತು.

ಮೈಲೋ ಜನವರಿಯಲ್ಲಿ ಹೋದ. ಬಟ್ಟೆ ಒಗೆಯುವ ಕೋಣೆಯಿಂದ ಮಡಚಿದ ಟವೆಲ್ಲುಗಳನ್ನು ಹಿಡಿದು ಬರುತ್ತಿದ್ದವನು ದಾರಿಯಲ್ಲಿ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಡೀನಾ ಮಿನಿಯಾಪೊಲಿಸ್‌ನಿಂದ ವಿಮಾನದಲ್ಲಿ ಬಂದಳು. ಒಂದು ವಾರ ಇದ್ದು ಎಲ್ಲವನ್ನೂ ಮುಗಿಸಿದಳು. ತಾಯಿಯನ್ನು ಜೊತೆಗೆ ಕರೆದಳು. ಆರ್ಡಿಸ್ ಆಯ್ತು ಎಂದಳು, ಆದರೆ ಕುರ್ಚಿಯಿಂದ ಏಳಲಿಲ್ಲ. ಚಳಿ ಮುಗಿಯುವವರೆಗೆ ಇಲ್ಲೇ ಇರಲಿ, ಆಮೇಲೆ ನೋಡೋಣ ಎಂದು ಡೀನಾ ನಮಗೆ ಒಪ್ಪಿಸಿ ಹೋದಳು. ಅವಳಿಗೆ ಮನೆಯಲ್ಲಿ ಮಕ್ಕಳಿದ್ದರು, ಕೆಲಸವಿತ್ತು.

ಆರ್ಡಿಸ್ ಅಳಲಿಲ್ಲ. ಅಳದಿರಲು ಹೆಣಗುತ್ತಿದ್ದಳೆಂದೂ ನನಗೆ ಅನಿಸಲಿಲ್ಲ. ಒಮ್ಮೆ ಅವಳ ಬೆರಳು ಬಿಸಿ ಬಾಣಲೆಗೆ ತಗುಲಿ ಬೊಬ್ಬೆಯೆದ್ದಿತ್ತು. ಅವಳು ಅದನ್ನು ಅಂಗಡಿಯ ಗಾಜಿನೊಳಗಿಟ್ಟ ವಸ್ತುವಿನಂತೆ ನೋಡುತ್ತ ನಿಂತಿದ್ದಳು. ಓಲೀಟಾ ಕೈ ಹಿಡಿದು ತಣ್ಣೀರಿಗೆ ಅದ್ದಿದಳು. ನೋವಾಯಿತೇ ಎಂದು ನಾನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಆಗಿರ್ಬೇಕು,” ಎಂದಳು.

ಮಾರ್ಚ್ ಮುಗಿಯುತ್ತ ಬಂತು. ಬಯಲು ಖಾಲಿಯಾಗತೊಡಗಿತು. ಒಂದು ಬೆಳಿಗ್ಗೆ ಡೀನಾ ಫೋನ್ ಮಾಡಿದಳು. ಆರ್ಡಿಸ್ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಮಾಡಿ, ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಓಲೀಟಾ ಮತ್ತು ನಾನು ಎದುರಿಗಿದ್ದೆವು.

“ಅಮ್ಮ, ಅಷ್ಟು ದೊಡ್ಡ ಗಾಡಿ ಇಟ್ಕೊಂಡು ಒಬ್ಳೇ ಏನ್ ಮಾಡ್ತೀಯ? ಶನಿವಾರ ಬರ್ತಾ ಇದೀನಿ. ಹಳೇ ಗಾಡಿ ಕೊಳ್ಳೋರ ಹತ್ರ ಮಾತಾಡಿದೀನಿ, ಅಲ್ಲೇ ಕೊಟ್ಟು ಬಂದ್ಬಿಡೋಣ. ನಮ್ಮನೆ ಕೆಳಗಿನ ರೂಮಿಗೆ ಬಣ್ಣ ಹೊಡ್ಸಿದೀನಿ ನೋಡು, ತಿಳಿ ಹಳದಿ.”

“ಬೇಡ,” ಎಂದಳು ಆರ್ಡಿಸ್.

ಓಲೀಟಾ ನನ್ನ ಮೊಣಕೈ ತಿವಿದಳು.

“ಹಳದಿ ಬೇಡ್ವಾ?”

“ಗಾಡಿ ಕೊಡೋದು ಬೇಡ. ನಾನು ಇದ್ರಲ್ಲೇ ಇರ್ತೀನಿ. ಇದ್ರಲ್ಲೇ ಊರಿಗೆ ಬರ್ತೀನಿ.”

ಡೀನಾ, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು: “ಅಮ್ಮ, ನೀನು ಆ ಗಾಡಿಯಿಂದ ಕೆಳಗೆ ಇಳ್ದು ಎಷ್ಟು ದಿನ ಆಯ್ತು? ಯಾರು ಓಡಿಸ್ತಾರೆ? ದಾರೀಲಿ ತೊಟ್ಟಿ ತುಂಬಿದ್ರೆ ಯಾರು ಖಾಲಿ ಮಾಡ್ತಾರೆ? ಹೇಳು.”

“ನಾನು.”

“ಸರಿ ಹಾಗಾದ್ರೆ. ಶನಿವಾರ ನಾನು ಬರೋಷ್ಟ್ರಲ್ಲಿ ನೀನೇ ಓಡ್ಸಿ, ನೀನೇ ತೊಟ್ಟಿ ಖಾಲಿ ಮಾಡಿ, ಹೊರಡೋಕೆ ಗಾಡಿ ಸಿದ್ಧ ಇಟ್ಟಿರು. ಆಗ ನಾನು ಬಾಯಿ ಬಿಡಲ್ಲ. ಆಗ್ಲಿಲ್ಲ ಅಂದ್ರೆ ಕೊಟ್ಬಿಡೋದು. ಒಪ್ಪಿಗೆ ತಾನೆ?”

“ಒಪ್ಪಿಗೆ.”

ಮಗಳದು ಕ್ರೂರ ಮಾತಲ್ಲ. ತಾಯಿ ಮೋಟುಗೋಡೆಯ ಹಾಗೆ ಕುಳಿತಿದ್ದರೆ ಯಾವ ಮಗಳಾದರೂ ಹಾಗೆ ಹೇಳಿಯಾಳು. ಆದರೆ ಆ ಗಾಡಿಯನ್ನು ಬಿಟ್ಟರೆ ಆರ್ಡಿಸ್‌ಗೆ ತನ್ನದೆನ್ನುವ ಚಾವಣಿ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಅದೇ ಮಧ್ಯಾಹ್ನ ಅವಳು ಮೈಲೋನ ಕೈಗವಸು ಹಾಕಿಕೊಂಡು ಇಳಿದಳು. ನಮ್ಮ ಬಯಲಿನಲ್ಲಿ ಪ್ರತಿ ಗಾಡಿಯ ಪಕ್ಕದಲ್ಲೂ ನೆಲದಲ್ಲಿ ಚರಂಡಿಯ ಬಾಯಿ ಇರುತ್ತದೆ. ಅಲ್ಲಿ ಸುರಿಯುವುದು ಕಷ್ಟವಲ್ಲ. ಅವಳ ಗಾಡಿಯ ಪೈಪು ಅದಕ್ಕೆ ಜೋಡಿಸಿಯೇ ಇತ್ತು. ಅವಳು ವಾಲ್ವಿನ ಹಿಡಿ ಎಳೆಯಹೋದಳು. ಅದು ಆಗಲೇ ಹೊರಗೆ ಬಂದಿತ್ತು.

“ತೆಗೆದೇ ಇದೆಯಲ್ಲ,” ಎಂದಳು.

ಓಲೀಟಾ ಬಗ್ಗಿ ನೋಡಿದಳು. ಒಳಗೆ ಹೋಗಿ ಗೋಡೆಯ ಮೇಲಿನ ದೀಪಗಳನ್ನು ನೋಡಿ ಬಂದಳು. ಕಪ್ಪು ತೊಟ್ಟಿ ತುಂಬಿದೆಯೆಂದು ದೀಪ ಹೇಳುತ್ತಿತ್ತು. ತೆರೆದ ತೊಟ್ಟಿ ತುಂಬಿರುವುದೆಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ತೊಟ್ಟಿಯ ವಾಲ್ವನ್ನು ಯಾವಾಗಲೂ ಮುಚ್ಚಿಟ್ಟು, ತುಂಬಿದ ಮೇಲೆ ಒಂದೇ ಸಲಕ್ಕೆ ಬಿಡಬೇಕು. ಆಗ ನೀರಿನ ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ತೆರೆದೇ ಇಟ್ಟರೆ ನೀರು ಮಾತ್ರ ದಿನವೂ ಸೋರಿ, ಉಳಿದದ್ದು ತಳದಲ್ಲಿ ಗುಡ್ಡೆಯಾಗಿ ಒಣಗಿ ಕಲ್ಲಾಗುತ್ತದೆ.

“ಅಯ್ಯೋ ನನ್ನ ತಾಯಿ, ಎರಡು ತಿಂಗಳಿಂದ ತೆಗೆದೇ ಇಟ್ಟಿದ್ದೀಯಾ?” ಎಂದು ಓಲೀಟಾ ಹಣೆ ಚಚ್ಚಿಕೊಂಡಳು. “ಮೈಲೋ ದಿನಾ ಊದ್ತಾ ಇದ್ನಲ್ಲೇ, ಕಪ್ಪು ಮುಚ್ಚಿರ್ಬೇಕು, ಕಪ್ಪು ಮುಚ್ಚಿರ್ಬೇಕು ಅಂತ. ಯಾರು ತೆಗೆದದ್ದು ಇದನ್ನ?”

ಆರ್ಡಿಸ್ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡಳು.

“ಡೀನಾ. ಹೋಗೋ ದಿನ. ಅಮ್ಮ, ಎರಡೂ ತೆಗೆದಿದೀನಿ, ಇನ್ನು ನೀನು ಹೊರಗೆ ಬಂದು ಬಗ್ಗೋದೇ ಬೇಡ, ಎಲ್ಲಾ ತಾನಾಗೇ ಹೋಗುತ್ತೆ ಅಂದ್ಳು.” ಸ್ವಲ್ಪ ತಡೆದು, “ನಾನು ಆಯ್ತು ಅಂದೆ,” ಎಂದಳು. ಆಮೇಲೆ ನಮ್ಮಿಬ್ಬರನ್ನೂ ನೋಡಿ, “ಅವಳಿಗೆ ಹೇಳ್ಕೂಡ್ದು,” ಎಂದಳು. ಅದನ್ನು ಹೇಳುವಾಗಲೂ ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಡುಗೆಗೆ ಉಪ್ಪು ಹಾಕಿದ್ದೇನೆ ಎಂದು ತಿಳಿಸುವ ಮುಖ.

ಇದಕ್ಕೆ ನಮ್ಮಲ್ಲಿರುವ ಮದ್ದು ಒಂದೇ. ವಾಲ್ವ್ ಮುಚ್ಚಿ, ತೊಟ್ಟಿಗೆ ನೀರು ತುಂಬಿ, ಪಾತ್ರೆ ತೊಳೆಯುವ ಸೋಪು ಸುರಿದು, ಗಾಡಿಯನ್ನು ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಬೇಕು. ಒಳಗೆ ನೀರು ಕುಲುಕಾಡಿ ಗುಡ್ಡೆಯನ್ನು ತಿನ್ನುತ್ತದೆ. ನೆನೆಯಲು ಬಿಟ್ಟು, ಸುರಿದು, ಮತ್ತೆ ತುಂಬಿ, ಮತ್ತೆ ಓಡಿಸಬೇಕು. ನಿಂತಲ್ಲಿ ನಿಂತು ಕರಗಿಸಲು ಬರುವುದಿಲ್ಲ.

“ಓಡಿಸೋದು ಯಾರು? ಮೇಷ್ಟ್ರು ಓಡಿಸ್ತಾರಾ?” ಎಂದು ಓಲೀಟಾ ಕೇಳಿದಳು.

“ನಾನು ಓಡಿಸ್ಬೇಕು ಅಂತ ತಾನೆ ಒಪ್ಪಂದ?” ಎಂದಳು ಆರ್ಡಿಸ್.

ಮರುದಿನ ಬೆಳಿಗ್ಗೆ ಅವಳು ಚಾಲಕನ ಜಾಗದಲ್ಲಿ ಕುಳಿತು ಕನ್ನಡಿಗಳನ್ನು ಸರಿಮಾಡಿಕೊಂಡಳು. ಆ ಸೀಟಿನ ಹಿಂದೆ ಮೈಲೋನ ಕೋಟು ತೂಗುತ್ತಿತ್ತು. ಅದನ್ನು ತೆಗೆಯಲೂ ಇಲ್ಲ, ಮುಟ್ಟಲೂ ಇಲ್ಲ. ಪಕ್ಕದಲ್ಲಿ ನಾನು, ಹಿಂದೆ ಮೇಜಿನ ಬಳಿ ಓಲೀಟಾ. ಹಳೆಯ ಗಣಿಗೆ ಹೋಗುವ ಮಣ್ಣಿನ ರಸ್ತೆ ಬಟ್ಟೆ ಒಗೆಯುವ ಹಲಗೆಯಂತೆ ಸಾಲುಸಾಲು ಉಬ್ಬುಗಳಿಂದ ಕೂಡಿರುತ್ತದೆ. ಆರ್ಡಿಸ್ ಗಾಡಿಯನ್ನು ಅದಕ್ಕೆ ಇಳಿಸಿದಳು. ಬೀರುವಿನ ಬಾಗಿಲುಗಳು ಬಡಿದುಕೊಂಡವು, ಚಮಚಗಳು ಗಲಗಲ ಎಂದವು, ನನ್ನ ಹಲ್ಲುಗಳೂ ಅವುಗಳ ಜೊತೆ ಸೇರಿದವು.

“ಜೀಸಸ್! ನನ್ನ ಕಿಡ್ನಿ ಇಳ್ದು ಚಪ್ಲಿಗೆ ಬಂತು,” ಎಂದು ಹಿಂದಿನಿಂದ ಓಲೀಟಾ ಕೂಗಿದಳು. “ನಿಧಾನ ಕಣೇ!”

“ನಿಧಾನ ಹೋದ್ರೆ ಕರಗಲ್ಲ,” ಎಂದಳು ಆರ್ಡಿಸ್.

ಗಣಿಯವರೆಗೆ ಹೋಗಿ ತಿರುಗಿ ಬಂದೆವು. ಮತ್ತೆ ಹೋದೆವು. ಅವಳು ಒಂದು ಸಲವೂ ಆಚೀಚೆ ನೋಡಲಿಲ್ಲ. ಮರಳುಗಾಡು ಆಗ ಹೂವಿನಲ್ಲಿತ್ತು. ಮುಳ್ಳುಗಿಡಗಳ ತುದಿಗೆ ಹಳದಿ, ಗುಲಾಬಿ ಬಣ್ಣ. ನಾನು ತೋರಿಸಿದೆ. ಅವಳು “ಹೂಂ” ಎಂದು ರಸ್ತೆಯನ್ನೇ ನೋಡಿದಳು.

ಆ ಸಂಜೆ ನಮ್ಮ ಬಯಲಿನ ಚರಂಡಿಗೆ ಸುರಿದಾಗ ಬಂದದ್ದು ಬರೀ ಬಣ್ಣದ ನೀರು. ತುಂಬಿದೆಯೆನ್ನುವ ದೀಪ ಆರಲಿಲ್ಲ. ಬಾಡಿಗೆಯ ಅವಧಿ ಮುಗಿದಿದ್ದರಿಂದ ಮರುದಿನ ಆ ಜಾಗ ಬೇರೆಯವರಿಗೆ ಹೋಗುವುದಿತ್ತು. ಓಲೀಟಾ ಬಯಲಿನ ಮಾಲೀಕರೊಡನೆ ಜಗಳವಾಡಿ ರಾತ್ರಿಗಳಿಗೆ ಮಾತ್ರ ತನ್ನ ಟ್ರೇಲರಿನ ಪಕ್ಕ ನಿಲ್ಲಲು ಅನುಮತಿ ಗಿಟ್ಟಿಸಿದಳು. ಆದರೆ ಅಲ್ಲಿನ ಚರಂಡಿಯ ಬಾಯಿಗೆ ಇನ್ನೊಂದು ಗಾಡಿಯದನ್ನು ಬಿಡಬಾರದೆಂಬುದು ಷರತ್ತು. ಶುಕ್ರವಾರ ಮತ್ತೆ ತುಂಬಿ, ಕುಲುಕಿ, ಊರೊಳಗಿನ ಪೆಟ್ರೋಲ್ ಬಂಕಿನ ಹಿಂದಿರುವ ಡಂಪ್ ಸ್ಟೇಷನ್ನಿಗೆ ಹೋದೆವು.

ಹೊರಡುವ ಕಾಲವಾದ್ದರಿಂದ ಅಲ್ಲಿ ಗಾಡಿಗಳ ಸಾಲು. ನಮ್ಮವರಲ್ಲಿ ಅರ್ಧ ಸ್ನೇಹ ಹುಟ್ಟುವುದು ಆ ಸಾಲುಗಳಲ್ಲಿಯೇ. ಗಂಡಸರು ಕೈಗವಸು ಸಿಕ್ಕಿಸಿಕೊಂಡು ಕಾಫಿ ಲೋಟ ಹಿಡಿದು ಇಳಿದು ನಿಂತಿರುತ್ತಾರೆ. ಆರ್ಡಿಸ್ ಸರದಿ ಬಂದು, ಅವಳು ಬಗ್ಗಿ ವಾಲ್ವ್ ಎಳೆದು, ಪೈಪಿನ ತುದಿಯ ಬಾಗಿದ, ಹರಿಯುವುದು ಹೊರಗೆ ಕಾಣುವ ಗಾಜಿನಂಥ ತುಂಡಿನಲ್ಲಿ ಮತ್ತೆ ಬರೀ ನೀರು ಕಂಡಾಗ, ಇಡೀ ಸಾಲೇ ವೈದ್ಯರ ಸಭೆಯಾಯಿತು.

“ಐಸ್ ಹಾಕ್ಬೇಕಿತ್ತು ಕಣಮ್ಮ. ಎರಡು ಚೀಲ ಐಸ್. ಕುಲುಕಿದ್ರೆ ಗೋಡೆ ಎಲ್ಲಾ ಉಜ್ಜುತ್ತೆ.”

“ಐಸು ಪೈಸು ಎಲ್ಲಾ ಸುಳ್ಳು. ಇವ್ನು ಹೋದ್ವರ್ಷ ಐಸ್ ಹಾಕಿ ಹಾಕಿ ಒಳಗೆ ಹಿಮಕರಡಿ ಸಾಕ್ದ.”

“ಬಿಸಿನೀರು. ಕುದಿಯೋದಲ್ಲ ಮತ್ತೆ, ಕೈಗೆ ಹಿಡಿಸೋಷ್ಟು.”

“ಯಜಮಾನ್ರು ಎಲ್ಲಿ?” ಎಂದು ಒಬ್ಬ ಕೇಳಿದ. “ಇಂಥ ಕೆಲ್ಸ ನಿಮಗೆ ಬಿಟ್ಟು ಒಳಗೆ ನಿದ್ದೆ ಹೊಡೀತಿದಾರಾ?”

ಓಲೀಟಾ ಅವನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಆರ್ಡಿಸ್ ಹೇಳಿದಳು: “ಸತ್ತೋದ್ರು.”

ಗಂಡಸರ ಕಾಫಿ ಲೋಟಗಳು ಅಲ್ಲಲ್ಲೇ ನಿಂತವು. ಕೇಳಿದವನು ಟೋಪಿ ತೆಗೆದ. ಆರ್ಡಿಸ್ ಪೈಪು ಬಿಚ್ಚಿ, ಹಿಂದಿನ ಗಾಡಿಗೆ ಜಾಗ ಬಿಡಬೇಕೆಂದು ಬೇಗಬೇಗ ಸಿಮೆಂಟಿನ ಮೇಲೆ ನೀರು ಹಾಯಿಸಿ ಹತ್ತಿ ಕುಳಿತಳು. ಅವನು ಏನಾದರೂ ಹೇಳಬೇಕೆಂದು ಕಿಟಕಿಯವರೆಗೂ ಬಂದಿದ್ದ, ಗಾಡಿ ಹೊರಟಿತ್ತು.

ಶನಿವಾರ ಬಂತು. ಡೀನಾಳ ವಿಮಾನ ಮಧ್ಯಾಹ್ನ ನಗರಕ್ಕೆ ಇಳಿಯುವುದಿತ್ತು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ನಮ್ಮ ಬಯಲಿಗೆ ಮೂರು ಗಂಟೆಯ ದಾರಿ. ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆದಿದ್ದ ತೊಟ್ಟಿಯನ್ನು ಬೆಳಿಗ್ಗೆ ಗಣಿಯ ರಸ್ತೆಯಲ್ಲಿ ಕುಲುಕಿ ಪೆಟ್ರೋಲ್ ಬಂಕಿಗೆ ಬಂದರೆ, ಸ್ಟೇಷನ್ನಿನ ಬಾಯಿಗೆ ಬೀಗ. ಯಾರೋ ಕಸ ತುರುಕಿ ಕಟ್ಟಿಕೊಂಡಿದೆ, ರಿಪೇರಿಯವರು ಸೋಮವಾರ ಬರುತ್ತಾರೆ ಎಂದ ಬಂಕಿನವನು. ಓಲೀಟಾ ಫೋನಿನಲ್ಲಿ ಹುಡುಕಿದಳು. ಮುಂದಿನ ಊರಿನ ಜಾತ್ರೆ ಮೈದಾನದಲ್ಲಿ ಒಂದು ಇದೆಯೆಂದು ತೋರಿಸಿತು. ಹೋದೆವು. ಮೈದಾನವಿತ್ತು, ಸ್ಟೇಷನ್ ಇದ್ದ ಜಾಗಕ್ಕೆ ಹೊಸದಾಗಿ ಟಾರು ಬಳಿದಿದ್ದರು.

“ಇನ್ನೊಂದು ತೋರಿಸ್ತಿದೆ, ಆದ್ರೆ ಅದು ಹೊಳೆಯಾಚೆ. ಸಂಜೆ ಆಗುತ್ತೆ ಹೋಗೋಷ್ಟ್ರಲ್ಲಿ,” ಎಂದು ಓಲೀಟಾ ಫೋನು ಮಡಿಲಿಗೆ ಹಾಕಿಕೊಂಡಳು. “ಆರ್ಡಿಸ್, ಕೇಳು. ತುಂಬಿದ ತೊಟ್ಟೀನೇ ತೋರ್ಸೋಣ. ಅವಳೇನು ಬಗ್ಗಿ ನೋಡ್ತಾಳಾ?”

“ನೋಡ್ತಾಳೆ. ಮೈಲೋನ ಮಗಳು.”

ಅವಳು ಗಾಡಿಯನ್ನು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಎಂಜಿನ್ ಓಡುತ್ತಲೇ ಇತ್ತು. ಹೀಗೆ ಅವಳು ಕುಳಿತರೆ ಗಂಟೆಗಟ್ಟಲೆ ಕುಳಿತುಬಿಡುತ್ತಾಳೆಂದು ನನಗೆ ಗೊತ್ತಿತ್ತು. ಇದು ಇಲ್ಲಿಗೇ ಮುಗಿಯಿತೆಂದು ನಾನು ಮನಸ್ಸಿನಲ್ಲಿಯೇ ಒಪ್ಪಿಕೊಂಡೆ.

“ನೀಲಿ ನೀರಿನ ಟ್ಯಾಂಕಿನ ಊರು,” ಎಂದಳು ಆರ್ಡಿಸ್.

“ಯಾವ ಊರು?”

“ಹೆಸ್ರು ಗೊತ್ತಿಲ್ಲ. ನಗರದಿಂದ ಬರೋವಾಗ ಸಿಗುತ್ತೆ. ಅಲ್ಲೊಬ್ಳು ಹೆಂಗಸು ರಸ್ತೆ ಪಕ್ಕ ಈರುಳ್ಳಿ ಮಾರ್ತಾಳೆ. ಸಿಹಿ ಈರುಳ್ಳಿ. ಪ್ರತಿ ವರ್ಷ ಅಲ್ಲೇ ತಗೊಳ್ಳೋದು ನಾನು. ನಾನು ಈರುಳ್ಳಿ ಆರಿಸಿ ವಾಪಸ್ ಬರೋಷ್ಟ್ರಲ್ಲಿ ಅವನು ಕೈ ತೊಳ್ಕೊಂಡಿರ್ತಿದ್ದ. ಹಾಗಾದ್ರೆ ಅಲ್ಲಿ ಒಂದು ಇರ್ಲೇಬೇಕು.”

ಓಲೀಟಾಳ ಫೋನಿನಲ್ಲಿ ಆ ಕಡೆ ಯಾವ ಸ್ಟೇಷನ್ನೂ ಇರಲಿಲ್ಲ. ಆದರೂ ಆರ್ಡಿಸ್ ಗಾಡಿ ತಿರುಗಿಸಿದಳು. ಆ ದಾರಿಯುದ್ದಕ್ಕೂ ಅವಳು ಹೀಗೆಯೇ ನಡೆದಳೆಂಬುದು ನನಗೆ ನಿಧಾನವಾಗಿ ತಿಳಿಯಿತು. ಮೈಲೋನಿಗೆ ರಸ್ತೆಗಳ ನಂಬರು ಗೊತ್ತಿತ್ತು. ಅವಳಿಗೆ ಕಿಟಕಿಯ ಪರದೆಯ ಸಂದಿಯಲ್ಲಿ ಕಂಡದ್ದು ಗೊತ್ತಿತ್ತು. ಹಸಿರು ಶಿಖರದ ಚರ್ಚು ಕಂಡಲ್ಲಿ ಎಡಕ್ಕೆ; ಮುರಿದ ಟ್ರ್ಯಾಕ್ಟರಿಗೆ ಹೂಕುಂಡ ಇಟ್ಟಿರುವ ಮನೆ ದಾಟಿ ನೇರಕ್ಕೆ. ಡೀನಾ ಫೋನ್ ಮಾಡಿದಾಗ ನಾವು ಹೋಗುತ್ತಿರುವ ಕಡೆಯನ್ನು ಓಲೀಟಾ ಹೇಳಿದಳು. ಅದು ತನ್ನ ದಾರಿಯಲ್ಲೇ ಇದೆ, ಅಲ್ಲಿಗೇ ಬರುತ್ತೇನೆ ಎಂದಳು ಡೀನಾ.

ನೀಲಿ ಟ್ಯಾಂಕು ಕಂಡಿತು. ಈರುಳ್ಳಿಯ ಹೆಂಗಸಿರಲಿಲ್ಲ, ಅವಳ ಮೇಜು ಮಾತ್ರ ಬೋರಲಾಗಿ ಬಿದ್ದಿತ್ತು. ಅದರ ಹಿಂದೆ ಊರಿನ ಸಣ್ಣ ಉದ್ಯಾನ, ಉದ್ಯಾನದ ಮೂಲೆಯಲ್ಲಿ ಸಿಮೆಂಟಿನ ಕಟ್ಟೆ, ಕಟ್ಟೆಯ ನಡುವೆ ಕಬ್ಬಿಣದ ಮುಚ್ಚಳ. ಬೀಗವಿರಲಿಲ್ಲ.

“ಮೈಲೋಗಿಂತ ನೀನೇ ಮೇಲು ಕಣೇ,” ಎಂದು ಓಲೀಟಾ ಅವಳ ಭುಜ ಹಿಡಿದು ಅಲುಗಿಸಿದಳು. ಆರ್ಡಿಸ್ ಅಲುಗಿದಳು, ಅಷ್ಟೇ.

ಅವಳು ಪೈಪು ಜೋಡಿಸುತ್ತಿರುವಾಗಲೇ ಡೀನಾಳ ಕಾರು ಬಂದು ನಿಂತಿತು. ಡೀನಾ ಅಪ್ಪನಂತೆ ಗಿಡ್ಡ, ಅಪ್ಪನಂತೆಯೇ ಮುಂದಕ್ಕೆ ಬಾಗಿ ನಡೆಯುವವಳು. ತಾಯಿ ಚಾಲಕನ ಕಡೆಯ ಬಾಗಿಲಿನಿಂದ ಇಳಿದದ್ದನ್ನು ದೂರದಿಂದ ನೋಡಿದ್ದಳಂತೆ. ಹತ್ತಿರ ಬಂದು ಅಪ್ಪಿಕೊಳ್ಳಹೋದಳು.

“ಮುಟ್ಬೇಡ. ಕೈಗವಸು ಹಾಕಿದೀನಿ,” ಎಂದಳು ಆರ್ಡಿಸ್.

“ಇನ್ನೂ ಖಾಲಿ ಮಾಡಿಲ್ವಾ ಅಮ್ಮ?”

“ಈಗ.”

ವಾಲ್ವ್ ಎಳೆದಳು. ಮೊದಲು ಬಣ್ಣದ ನೀರು ಬಂತು. ಅದು ನಿಲ್ಲುತ್ತ ಬಂತು. ಹನಿಯಾಯಿತು. ಓಲೀಟಾ ನನ್ನ ತೋಳು ಹಿಡಿದುಕೊಂಡಳು. ಡೀನಾ ಆ ಹನಿಗಳನ್ನು ನೋಡಿದಳು, ತಾಯಿಯನ್ನು ನೋಡಿದಳು. ಅವಳ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. ಇದು ಹೀಗೇ ಆಗುತ್ತದೆಂದು ತಿಳಿದಿದ್ದವಳ ದಣಿವಿತ್ತು.

“ಕಟ್ಕೊಂಡಿದೆ,” ಎಂದಳು ಮೃದುವಾಗಿ. “ಇದು ಹೇಗಾಯ್ತಮ್ಮ?”

“ನಾನೇ ಗಮನ ಇಡ್ಲಿಲ್ಲ,” ಎಂದಳು ಆರ್ಡಿಸ್. ಓಲೀಟಾ ನನ್ನ ತೋಳು ಚಿವುಟಿದಳು.

“ಬಿಡು ಅಮ್ಮ. ಸಾಕು. ಇನ್ನು ನಾನು ನೋಡ್ಕೋತೀನಿ.”

ಆರ್ಡಿಸ್ ವಾಲ್ವ್ ಮುಚ್ಚಿದಳು. ತೊಳೆಯುವ ನೀರಿನ ನಲ್ಲಿಯಿಂದ ರಬ್ಬರ್ ಕೊಳವೆ ಎಳೆದು ಕಕ್ಕಸಿನ ಕಿಟಕಿಯ ಮೂಲಕ ಒಳಗೆ ಬಿಟ್ಟು ಮತ್ತೆ ತೊಟ್ಟಿ ತುಂಬಿಸಿದಳು. ಚಾಲಕನ ಜಾಗಕ್ಕೆ ಹೋಗಿ, ಪೈಪು ಬಿಚ್ಚಿದ ಗಾಡಿಯನ್ನು ಉದ್ಯಾನದ ಕಲ್ಲುಹಾದಿಯಲ್ಲಿ ಮುಂದಕ್ಕೆ ಓಡಿಸಿ ಥಟ್ಟನೆ ಬ್ರೇಕು ಹಾಕಿದಳು. ಹಿಂದಕ್ಕೆ ಓಡಿಸಿ ಮತ್ತೆ ಬ್ರೇಕು ಹಾಕಿದಳು. ಇಡೀ ಗಾಡಿ ದೋಣಿಯಂತೆ ತುಯ್ದಾಡಿತು. ಒಳಗೆ ಏನೋ ಒಡೆದ ಸದ್ದು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಉದ್ಯಾನದ ಬೆಂಚಿನ ಮೇಲಿದ್ದ ಮುದುಕನೊಬ್ಬ ಎದ್ದು ದೂರ ಹೋಗಿ ನಿಂತ.

“ಅಮ್ಮ, ಏನ್ ಮಾಡ್ತಿದೀಯ!” ಎಂದು ಡೀನಾ ಗಾಡಿಯ ಜೊತೆ ಓಡುತ್ತಿದ್ದಳು. “ಅಮ್ಮ, ನಿಲ್ಸು!”

ಆರ್ಡಿಸ್ ತನಗೆ ಸಾಕೆನಿಸಿದಾಗ ನಿಲ್ಲಿಸಿದಳು. ಇಳಿದು, ಪೈಪು ಜೋಡಿಸಿ, ಹಿಡಿ ಎಳೆದಳು.

ಮೊದಲು ಒಂದು ಗುಟುಕಿನ ಸದ್ದು. ಆಮೇಲೆ ಪೈಪು ಹಾವಿನಂತೆ ನೆಗೆಯಿತು. ನಾನು ಅದನ್ನು ಇಲ್ಲಿ ವರ್ಣಿಸುವುದಿಲ್ಲ. ಎರಡು ತಿಂಗಳ ಕಾಲದ್ದು ಒಂದೇ ಸಲಕ್ಕೆ ಹೋಯಿತು ಎಂದರೆ ಸಾಕು. ಓಲೀಟಾ ಕುಣಿದಳು, ನಿಜವಾಗಿ ಕುಣಿದಳು. ಡೀನಾ ಮೂಗಿಗೆ ತೋಳು ಒತ್ತಿಕೊಂಡು ಹಿಂದೆ ಸರಿದಳು; ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಆರ್ಡಿಸ್ ಮಾತ್ರ ಪೈಪಿನ ಗಾಜಿನಂಥ ತುಂಡಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನೀರು ತಿಳಿಯಾಗುವುದನ್ನೇ ನೋಡುತ್ತಿದ್ದಳು. ತಿಳಿಯಾಯಿತು. ಕಪ್ಪು ಮುಚ್ಚಿ ಬೂದು ತೆರೆದಳು.

“ಅಮ್ಮ,” ಎಂದಳು ಡೀನಾ. ಈಗ ಅವಳ ಕೆನ್ನೆಯ ಮೇಲೆ ನೀರಿತ್ತು. “ಅಪ್ಪ ಹೋದಾಗಿಂದ ನೀನು ಒಂದು ಸಲಾನಾದ್ರೂ ಅತ್ತಿದೀಯಾ?”

“ಇಲ್ಲ.”

“ಯಾಕಮ್ಮ?”

“ಗೊತ್ತಿಲ್ಲ ಡೀನಾ. ಬರ್ತಾ ಇಲ್ಲ.” ಅವಳು ರಸ್ತೆಯ ಕಡೆ ಗಲ್ಲ ಚಾಚಿ ತೋರಿಸಿದಳು. ಹಿಂದೆ ಎರಡು ಮನೆಗಾಡಿಗಳು ಬಂದು ನಿಂತಿದ್ದವು. “ಜನ ಕಾಯ್ತಿದಾರೆ. ನಿನ್ನ ಕಾರು ಅಡ್ಡ ಇದೆ, ತೆಗಿ.”

ಡೀನಾ ಕಾರನ್ನು ಉದ್ಯಾನದ ಬೇಲಿಯ ಪಕ್ಕಕ್ಕೆ ತೆಗೆದಳು. ಅಲ್ಲಿಯೇ ನಿಂತು, ಗಾಡಿ ಕೊಳ್ಳುವವರಿಗೆ ಫೋನ್ ಮಾಡಿ ಬರುವುದಿಲ್ಲವೆಂದು ತಿಳಿಸಿದಳು. ಅವರು ಏನೋ ಕೇಳಿರಬೇಕು. ಇವಳು, “ಇಲ್ಲ, ಅಮ್ಮನೇ ಇಟ್ಕೊಳ್ತಾರೆ,” ಎಂದದ್ದು ನನಗೆ ಕೇಳಿಸಿತು. ಆಮೇಲೆ ನಮ್ಮ ಬಳಿ ಬಂದು, ಕಾರಿನ ಕೀಲಿಯನ್ನು ಓಲೀಟಾಳ ಕೈಗಿಟ್ಟಳು.

“ನೀವಿಬ್ರೂ ಇದನ್ನ ತಗೊಂಡು ಬನ್ನಿ. ನಾನು ಅಮ್ಮನ ಜೊತೆ ಬರ್ತೀನಿ.”

“ಅವಳ ಡ್ರೈವಿಂಗಿಗೆ ಸೊಂಟ ಗಟ್ಟಿ ಇರ್ಬೇಕು ನೋಡು,” ಎಂದಳು ಓಲೀಟಾ.

ಹಿಂತಿರುಗುವಾಗ ದಾರಿಯುದ್ದಕ್ಕೂ ನಾವು ಆ ದೊಡ್ಡ ಗಾಡಿಯ ಹಿಂದೆಯೇ ಬಂದೆವು. ಅವರಿಬ್ಬರೂ ಏನು ಮಾತಾಡಿದರೋ ತಿಳಿಯದು. ಬಯಲಿಗೆ ಬಂದು ಇಳಿದಾಗ ಡೀನಾಳ ಕಣ್ಣು ಊದಿತ್ತು, ಆರ್ಡಿಸ್‌ಳದು ಎಂದಿನಂತೆಯೇ ಇತ್ತು. ಡೀನಾ ಕೆಲಸಕ್ಕೆ ರಜೆ ಹೇಳಿ, ಬಾಡಿಗೆ ಕಾರನ್ನು ಮರಳಿಸಿ, ಯೂಟಾದವರೆಗೆ ತಾಯಿಯ ಜೊತೆ ಹೋಗುವುದೆಂದಾಯಿತು. ಅಲ್ಲಿಂದಾಚೆಗೆ ಆರ್ಡಿಸ್ ಒಬ್ಬಳೇ.

ಸೋಮವಾರ ಬೆಳಿಗ್ಗೆ ಹೊರಟರು. ಓಲೀಟಾ ಹೂವಿನ ಚಿತ್ರದ ನಿಲುವಂಗಿಯಲ್ಲಿಯೇ ಹೊರಗೆ ಬಂದು ಎರಡೂ ಕೈ ಬೀಸಿದಳು. ಡೀನಾ ಕಿಟಕಿಯಿಂದ ಬೀಸಿದಳು. ಆರ್ಡಿಸ್ ಕನ್ನಡಿಗಳನ್ನು ನೋಡುತ್ತ, ಕಂಬಕ್ಕೆ ತಗುಲದಂತೆ ಗಾಡಿಯನ್ನು ಗೇಟಿನ ನಡುವೆ ಸರಿಯಾಗಿ ತೂರಿಸಿ, ಉತ್ತರದ ರಸ್ತೆಗೆ ತಿರುಗಿದಳು.

“ನಮ್ಮ ಕಡೆ ನೋಡ್ಲೇ ಇಲ್ಲ ನೋಡಿ ಮೇಷ್ಟ್ರೇ,” ಎಂದಳು ಓಲೀಟಾ. “ಒಂದು ಕೈಯಾದ್ರೂ ಎತ್ಬಾರ್ದಾ ಆ ಮಹಾತಾಯಿ?”

“ಎರಡೂ ಕೈ ಸ್ಟೀರಿಂಗ್ ಮೇಲಿತ್ತು,” ಎಂದೆ.

ಧೂಳು ಇಳಿಯುವವರೆಗೆ ನಿಂತು, ಇಬ್ಬರೂ ನಮ್ಮ ನಮ್ಮ ಬಾಗಿಲುಗಳಿಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಬಯಲು ಬಹುಮಟ್ಟಿಗೆ ಖಾಲಿಯಾಗಿತ್ತು. ನಾನು ಒಳಗೆ ಬಂದು ಹೊರಡಲು ನನ್ನ ಪಾತ್ರೆಗಳನ್ನು ಕಾಗದದಲ್ಲಿ ಸುತ್ತತೊಡಗಿದೆ.